ಹಳದಿ ಟೋಪಿಯ ಹೆಂಗಸು

ಮನೆಯಿಂದ,
ಜೂನ್ ತಿಂಗಳ ಮೊದಲ ದಿನ, ಬೆಳಗಿನ ಹೊತ್ತು

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಸ್ವಲ್ಪವಾದರೂ ಇಳಿಯಿತೇ? ಹವಾಮಾನ ಕೇಂದ್ರದ ಆ ಕಬ್ಬಿಣದ ಮೆಟ್ಟಿಲುಗಳನ್ನು ನೀನು ಈ ಸ್ಥಿತಿಯಲ್ಲಿ ಹತ್ತಿಳಿಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಗಾಳಿಯ ವೇಗ ಅಳೆಯುವ ಕೆಲಸವನ್ನು ಮಗು ಹುಟ್ಟುವವರೆಗೆ ಅಳಿಯಂದಿರೇ ನೋಡಿಕೊಳ್ಳಲಿ. ಅವರ ಕೆಮ್ಮು ವಾಸಿಯಾಯಿತೆಂದು ನಂಬಿದ್ದೇನೆ. ದ್ವೀಪದ ನರ್ಸಮ್ಮ ತಪ್ಪದೆ ಬಂದು ನೋಡಿಹೋಗುತ್ತಿದ್ದಾರೆಂದು ಬರೆದಿದ್ದೆಯಲ್ಲ, ಅದನ್ನು ಓದಿ ಎಷ್ಟೋ ಸಮಾಧಾನವಾಯಿತು. ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮವೆಂದು ಬರೆದೆನಾದರೂ ನಿನ್ನೆ ಸಂಜೆಯಿಂದ ನಿನ್ನ ಅಪ್ಪನ ತಲೆ ನೆಟ್ಟಗಿಲ್ಲ. ಅಕ್ಷರಗಳು ಅಂಕುಡೊಂಕಾಗಿ ಕಂಡರೆ ನನ್ನ ವಯಸ್ಸನ್ನು ದೂರಬೇಡ. ನಿನ್ನ ಅಮ್ಮನನ್ನು ದೂರು.

ನಿನ್ನ ಕಳೆದ ಕಾಗದದಲ್ಲಿದ್ದ ಕೋರಿಕೆಗೆ ಉತ್ತರ ಬರೆಯದೆ ತಿಂಗಳಿಡೀ ತಡಮಾಡಿದೆ. ಹೆರಿಗೆಯ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕೆಂದು ಕೇಳಿದ್ದೆ. ಮಗಳು ತಾಯಿಯನ್ನು ಕೇಳುವುದರಲ್ಲಿ ಅತಿಯಾದದ್ದೇನೂ ಇಲ್ಲ. ಆದರೆ ನಿನ್ನ ದ್ವೀಪಕ್ಕೂ ನಮ್ಮ ಬಂದರಿಗೂ ನಡುವೆ ಇರುವುದು ನೀರು, ಮತ್ತು ನೀರೆಂದರೆ ನಿನ್ನ ಅಮ್ಮನಿಗೆ ಏನೆಂಬುದು ನಿನಗೆ ತಿಳಿಯದ್ದಲ್ಲ. ಬಸ್ಸು ಸೇತುವೆ ದಾಟುವಾಗ ಕಣ್ಣು ಮುಚ್ಚಿ ಕೂರುವವಳು. ಈಜು ಕಲಿಸುವವನನ್ನು ಮದುವೆಯಾಗಿಯೂ ಈಜುಕೊಳದ ಗೇಟು ದಾಟದೆ ಬಾಳಿದವಳು. ನನ್ನ ಊಟದ ಡಬ್ಬಿಯನ್ನು ಕಾವಲುಗಾರರ ಕೈಗಿತ್ತು, ಹಿಂತಿರುಗಿಯೂ ನೋಡದೆ ಹೊರಟುಬಿಡುತ್ತಿದ್ದವಳು. ಯಾಕಿಷ್ಟು ಭಯ ಎಂದು ಕೇಳಿದಾಗಲೆಲ್ಲ "ಭಯಕ್ಕೂ ಒಂದು ಯಾಕೆ ಅಂತ ಇರುತ್ತೇನ್ರೀ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಿನ್ನ ಕಾಗದವನ್ನು ಓದಿದ ದಿನ ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ದಾರ ಪೋಣಿಸದ ಸೂಜಿಯಲ್ಲಿ ಯಾರದೋ ಅಂಗಿಯ ಅಂಚಿನುದ್ದಕ್ಕೂ ಹೊಲಿದಳು. ಹೀಗಾಗಿ "ಅಮ್ಮ ಬರಲಾರಳು, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂಬ ವಾಕ್ಯವನ್ನು ನಾನು ಮನಸ್ಸಿನಲ್ಲೇ ತಿದ್ದಿ ತೀಡಿ ಸಿದ್ಧಮಾಡಿಟ್ಟುಕೊಂಡಿದ್ದೆ. ಇಂದು ಆ ವಾಕ್ಯವನ್ನು ಬರೆಯಲು ಆಗುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಆದರೆ ಕ್ರಮವಾಗಿ ಹೇಳಲು ಬಿಡು; ಕ್ರಮ ತಪ್ಪಿದರೆ ನನಗೇ ನಂಬಿಕೆ ಬರುವುದಿಲ್ಲ.

ನಮ್ಮ ಮನೆಯ ತಿಂಗಳ ಕೊನೆಯ ಊಟ ನಿನಗೆ ನೆನಪಿದೆ. ನೀನು ಚಿಕ್ಕವಳಿದ್ದಾಗ ತಟ್ಟೆಯ ಮುಂದೆ ಕೂತೊಡನೆ ದೂರುಗಳ ಮೂಟೆ ಬಿಚ್ಚುತ್ತಿದ್ದೆಯೆಂದು ಅಮ್ಮ ಮಾಡಿದ ನಿಯಮ ಅದು: ತಿಂಗಳಿಗೊಮ್ಮೆಯಾದರೂ ಪ್ರತಿಯೊಬ್ಬರೂ ತಮಗೆ ಮೆಚ್ಚುಗೆಯಾದ ಒಂದು ಸಂಗತಿಯನ್ನು ಹೇಳಲೇಬೇಕು, ಅದೆಷ್ಟೇ ಸಣ್ಣದಾಗಿರಲಿ. ನೀನು ಹೋದ ಮೇಲೂ ನಾವಿಬ್ಬರೇ ಅದನ್ನು ನಡೆಸಿಕೊಂಡು ಬಂದಿದ್ದೇವೆ. ನನಗೆ ಪ್ರತಿ ಸಲವೂ ಒಂದನ್ನೇ ಆರಿಸುವುದು ಕಷ್ಟ. ಈ ಮೇ ತಿಂಗಳಂತೂ ನನ್ನ ಮೇಲೆ ಬಹಳ ಧಾರಾಳವಾಗಿತ್ತು. ಯಾರೂ ಇಳಿಯುವ ಮುನ್ನ ಕೊಳದ ನೀರು ಗಾಜಿನಂತೆ ಅಲುಗದೆ ನಿಂತಿರುವ ಆ ಗಳಿಗೆ. ಮಕ್ಕಳ ಹೆಜ್ಜೆಗಳು ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮೂಡಿ, ಹಿಂದಿನಿಂದ ಬರುವ ಮಗು ಅವುಗಳನ್ನು ತುಳಿಯುವ ಮೊದಲೇ ಆರಿಹೋಗುವುದು. ಒಣಗಿದ ಟವೆಲ್ಲಿನ ಬಿಸಿಲಿನ ವಾಸನೆ. ಕ್ಲಾಸು ಮುಗಿದ ಮೇಲೆ ಗೇಟಿನ ಬಳಿ ಕೊಯ್ದು ಮಾರುವ ತಣ್ಣನೆಯ ಕಲ್ಲಂಗಡಿ. ನಮ್ಮ 'ಬಕೆಟ್' ಎಂಬ ಹುಡುಗ, ಈಜುವುದಕ್ಕಿಂತ ಕುಡಿಯುವುದೇ ಹೆಚ್ಚೆಂದು ಅವನ ಗೆಳೆಯರೇ ಇಟ್ಟ ಹೆಸರು, ಮೊದಲ ಬಾರಿಗೆ ಒಂದು ಗುಟುಕೂ ಕುಡಿಯದೆ ಆಚೆ ದಡ ಮುಟ್ಟಿ, "ಸಾರ್, ಇವತ್ತು ಬಾಯಾರಿಕೆ ಆಗ್ತಿದೆ!" ಎಂದು ಕೂಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಮ್ಮನ ಮೆಚ್ಚುಗೆ ಮಾತ್ರ ಎಂದಿಗೂ ಬದಲಾಗಿದ್ದಿಲ್ಲ. "ಪಾತ್ರೆ ತೊಳೆದು ಮುಗಿದಿದ್ದು" ಎಂದು ಹೇಳಿ ಎದ್ದುಬಿಡುವವಳು.

ನಿನ್ನೆ ನಾನು ಇವೆಲ್ಲವನ್ನೂ ಬದಿಗಿಟ್ಟು, ಹಳದಿ ಟೋಪಿಯ ಹೆಂಗಸು ಕೊಳದಂಚಿನ ಕಂಬಿಯಿಂದ ಕೈಬಿಟ್ಟದ್ದೇ ಈ ತಿಂಗಳ ನನ್ನ ಮೆಚ್ಚುಗೆ ಎಂದು ಘೋಷಿಸಿದೆ. ಈ ಹೆಂಗಸಿನ ವಿಷಯ ನಿನಗೆ ತಿಳಿಯದು. ಬೆಳಗಿನ ಹೆಂಗಸರ ಬ್ಯಾಚನ್ನು ಈಗ ನಮ್ಮ ಗುಬ್ಬಿ ನಡೆಸುತ್ತಿದ್ದಾಳೆ. ಬಾಲ್ಯದಲ್ಲಿ ನೀರಿಗಿಳಿಯದೆ ಕೊಳದ ಅಂಚಿನಲ್ಲೇ ಗುಬ್ಬಚ್ಚಿಯ ಹಾಗೆ ಕೂತಿರುತ್ತಿದ್ದ ಅದೇ ನನ್ನ ಶಿಷ್ಯೆ. ಆ ಬ್ಯಾಚು ಮುಗಿಯುವ ಹೊತ್ತಿಗೆ ನಾನು ಮಕ್ಕಳಿಗಾಗಿ ಹೋಗುತ್ತೇನೆ. ಕೊಳದ ಬಳಿ ನಾವು ಯಾರನ್ನೂ ಮುಖದಿಂದ ಗುರುತಿಸುವುದಿಲ್ಲ, ಟೋಪಿಯ ಬಣ್ಣದಿಂದ ಕರೆಯುತ್ತೇವೆ, ಹಳದಿಯೆಂದರೆ ಹೊಸಬರು. ಹನಿ ಸಿಡಿದು ಮಸುಕಾಗುತ್ತದೆಂದು ನಾನು ಕನ್ನಡಕವನ್ನೂ ಜೇಬಿಗಿಳಿಸಿರುತ್ತೇನೆ. ಮೊದಲ ವಾರ ಈ ಹಳದಿ ಟೋಪಿ, ಅರ್ಧ ಮುಖ ಮುಚ್ಚುವ ದೊಡ್ಡ ಗಾಗಲ್ಸ್ ಹಾಕಿಕೊಂಡು, ಸೊಂಟಮಟ್ಟದ ನೀರಿನಲ್ಲಿ ಕಂಬಿಯನ್ನು ತವರಿನ ಆಸ್ತಿಯಂತೆ ಅಪ್ಪಿಕೊಂಡು ನಿಂತಿರುತ್ತಿದ್ದಳು. ನಾನು ದೂರದಿಂದಲೇ "ಅಮ್ಮಾ, ಕಂಬಿ ಓಡಿಹೋಗಲ್ಲ, ಬಿಡಿ!" ಎಂದು ಕೂಗುತ್ತಿದ್ದೆ. ಆಕೆ ತಟ್ಟನೆ ಗೋಡೆಯ ಕಡೆ ತಿರುಗುತ್ತಿದ್ದಳು. ಪಾಪ, ಸಂಕೋಚದ ಜೀವ ಎಂದುಕೊಂಡೆ.

ರಾತ್ರಿಯ ಊಟಕ್ಕೆ ಕೂತಾಗ ಇದನ್ನೆಲ್ಲ ನಿನ್ನ ಅಮ್ಮನಿಗೆ ವರ್ಣಿಸುವುದು ಮೇ ತಿಂಗಳಿಡೀ ನನ್ನ ಅಭ್ಯಾಸವಾಗಿತ್ತು. ವರ್ಣಿಸುವುದಷ್ಟೇ ಅಲ್ಲ, ಎದ್ದು ನಿಂತು ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡು ನಟಿಸಿಯೂ ತೋರಿಸುತ್ತಿದ್ದೆ. ಅವಳು ನನ್ನ ತಟ್ಟೆಗೆ ಬಡಿಸುತ್ತ, ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಆಮೇಲೆ? ಹಾಗಾದ್ರೆ ಆಕೆ ಏನು ಮಾಡ್ಬೇಕಿತ್ತು?" ಎಂದು ಕೇಳುತ್ತಿದ್ದಳು. ನನ್ನ ಕೆಲಸದ ಬಗ್ಗೆ ಕೊನೆಗೂ ಆಸಕ್ತಿ ಬಂತಲ್ಲ ಎಂಬ ಸಂತೋಷದಲ್ಲಿ ನಾನು ವಿವರವಾಗಿ ಹೇಳುತ್ತಿದ್ದೆ: ಗಲ್ಲ ಮೇಲಕ್ಕಿರಬೇಕು, ಕಿವಿ ನೀರಿನಲ್ಲಿ ಮುಳುಗಲು ಬಿಡಬೇಕು, ಉಸಿರನ್ನು ಬಿಗಿಹಿಡಿಯಬಾರದು, ನೀರಿನೊಡನೆ ಜಗಳವಾಡುವವರನ್ನು ನೀರು ಹೊರುವುದಿಲ್ಲ. ಮರುದಿನ ಬೆಳಿಗ್ಗೆ ಹಳದಿ ಟೋಪಿ ಅಷ್ಟನ್ನೂ ಮಾಡಿರುತ್ತಿದ್ದಳು. ಗುಬ್ಬಿ ಎಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದಾಳೆಂದು ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ!

ಇನ್ನು ನಿನ್ನೆಯ ಮಾತು. ನನ್ನ ಘೋಷಣೆ ಮುಗಿಯಿತು. ಪಾತ್ರೆಗಳ ಪ್ರಸ್ತಾಪ ಬರಲೆಂದು ನಾನು ನೀರಿನ ಲೋಟವನ್ನು ಎತ್ತಿಕೊಂಡೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ತರಕಾರಿಯ ಬೆಲೆ ಹೇಳುವಷ್ಟೇ ಸಹಜವಾಗಿ ಹೇಳಿದಳು: "ನಂಗೆ ಈ ತಿಂಗಳು ಇಷ್ಟ ಆಗಿದ್ದು, ನೀರಿನ ಮೇಲೆ ಅಂಗಾತ ಮಲಗಿ ಆಕಾಶ ನೋಡಿದ್ದು."

ಯಾರು ಮಲಗಿದ್ದು, ಯಾವ ನೀರು, ಯಾವ ಆಕಾಶ ಎಂದು ನಾನು ತೊದಲುತ್ತಿರುವಾಗ ಅವಳು ಒಳಗೆ ಹೋಗಿ, ಹಳದಿ ಟೋಪಿಯನ್ನು ತಂದು, ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟಳು. ಪುಟ್ಟೀ, ಅನ್ಯರ ಮಕ್ಕಳ ಕೈ ಬೀಸುವ ರೀತಿಯನ್ನು ನೋಡಿ ಇವರು ಯಾರ ತಂಗಿ, ಯಾರ ತಮ್ಮ ಎಂದು ಹೇಳಬಲ್ಲೆನೆಂದು ಬೀಗುತ್ತಿದ್ದ ಮನುಷ್ಯ ನಾನು. ದಿನಾ ಬೆಳಿಗ್ಗೆ 'ವಾಕಿಂಗ್' ಎಂದು ಹೊರಡುವ ಹೆಂಡತಿಯ ತಲೆ ನಾನು ಮನೆಗೆ ಮರಳಿದಾಗಲೂ ಒದ್ದೆಯಿರುವುದನ್ನು ನೋಡಿ, ದಾರಿಯಲ್ಲಿ ಬೆವರಿದ್ದಾಳೆ ಎಂದುಕೊಂಡವನೂ ನಾನೇ. ಇಡೀ ತಿಂಗಳು ನನ್ನ ಹೆಂಡತಿಯನ್ನೇ ನನ್ನ ಹೆಂಡತಿಯ ಮುಂದೆ ಅಣಕಿಸಿ ತೋರಿಸಿದ್ದೇನೆ. "ಬಾಗಿಲು ಅಪ್ಪಿಕೊಂಡು ನಿಂತ್ರಲ್ಲ ಅವತ್ತು, ಅದು ಸ್ವಲ್ಪ ಜಾಸ್ತಿ ಆಯ್ತು" ಎಂದಷ್ಟೇ ಅವಳು ಆಕ್ಷೇಪಿಸಿದ್ದು.

ನನ್ನನ್ನೇ ಯಾಕೆ ಕೇಳಲಿಲ್ಲವೆಂದು ಕೇಳಿದೆ. ಕೇಳುವಾಗ ಧ್ವನಿಯಲ್ಲಿ ನೋವಿತ್ತು, ಮುಚ್ಚಿಡುವುದಿಲ್ಲ. ಅವಳು ಟೋಪಿಯನ್ನು ಮಡಿಸುತ್ತ, "ನಾನು ಸೋತ್ರೆ ಗುಬ್ಬಿ ಬೈತಾಳೆ, ಮರೆತುಬಿಡ್ತಾಳೆ. ನೀವು ಬೈಯಲ್ಲ, ಒಳಗೊಳಗೇ ಬೇಜಾರು ಮಾಡ್ಕೋತೀರಿ. ಅದನ್ನ ನೋಡ್ಕೊಂಡು ಕಾಲು ಎತ್ತೋಕೆ ನಂಗಾಗಲ್ಲ" ಎಂದಳು. ನನ್ನ ಮುಖ ನೋಡಲಾರದೆ ಇರಬೇಕು, "ಬೆಳಿಗ್ಗೆ ಅವಳು ಕಲಿಸ್ತಿದ್ಲು, ರಾತ್ರಿ ನೀವು ಕಲಿಸ್ತಿದ್ರಿ. ಇಬ್ಬರು ಮೇಷ್ಟ್ರು ನಂಗೆ" ಎಂದು ಸೇರಿಸಿದಳು. ಹಾಗಾದರೆ ದೋಣಿ ಹತ್ತುತ್ತೀಯಾ ಎಂದು ನಾನು ಆತುರಪಟ್ಟೆ. ಅವಳ ಮುಖ ಆಗಲೇ ಬಿಳಿಚಿಕೊಂಡಿತು. "ಕೊಳಕ್ಕೆ ತಳ ಇದೆ, ರೀ. ಕಾಲಿಗೆ ಸಿಗುತ್ತೆ. ಸಮುದ್ರದ ಮಾತು ಈಗ ಎತ್ತಬೇಡಿ."

ಇಂದು ಬೆಳಗಾಗುತ್ತಲೇ ಗುಬ್ಬಿಯನ್ನು ಹಿಡಿದು ಕೇಳೋಣವೆಂದು ಕೊಳಕ್ಕೆ ಹೋದೆ. ಹಳದಿ ಟೋಪಿ ಇಂದು ಬಂದಿರಲಿಲ್ಲ. ನನ್ನನ್ನು ಕಂಡೊಡನೆ ಗುಬ್ಬಿಗೆ ಎಲ್ಲ ಅರ್ಥವಾಗಿ, ಸೀಟಿಯನ್ನು ಬಾಯಿಂದ ತೆಗೆದು, "ಸಾರ್, ಬೈಬೇಡಿ. ಅಮ್ಮ ಆಣೆ ಹಾಕಿಸಿದ್ರು. ನೀವು ಕೂಗಿದಾಗೆಲ್ಲ ನಂಗೆ ನಗು ತಡೆಯೋಕಾಗದೆ ನೀರೊಳಗೆ ಮುಳುಗಿಬಿಡ್ತಿದ್ದೆ" ಎಂದಳು. ಮೊದಲ ದಿನ ಅಮ್ಮ ಮೆಟ್ಟಿಲ ಮೇಲೆ ಕೂತು ಪಾದ ಮಾತ್ರ ಅದ್ದಿ, ಅಳುತ್ತಲೇ ಎದ್ದು ಹೋದಳಂತೆ. ಮರುದಿನ ಮತ್ತೆ ಬಂದು, ತನ್ನ ಮಗಳು ಒಂದು ಮಾತು ಕೇಳಿದ್ದಾಳೆ, ಅದಕ್ಕೆ ಕಾಗದದಲ್ಲಿ ಉತ್ತರ ಕೊಡಲು ತನ್ನಿಂದಾಗುವುದಿಲ್ಲ ಎಂದಳಂತೆ. ಬೈಯಬೇಕೆಂದು ಹೋದವನು ಆ ಹುಡುಗಿಯ ಒದ್ದೆ ತಲೆಯ ಮೇಲೆ ಕೈಯಿಟ್ಟು ಬಂದೆ. ಅಂಚಿನಲ್ಲಿ ಕೂತು ನಡುಗಿದವಳಿಗೇ ತಾನೆ ನಡುಗುವವರ ಕೈ ಹಿಡಿಯುವುದು ಗೊತ್ತಿರುವುದು! ಇಂಥ ಮಕ್ಕಳಿರುವವರೆಗೆ ನನಗೆ ಈ ಲೋಕದ ಬಗ್ಗೆ ನಿರಾಸೆಯೆಂಬುದೇ ಬಾರದು.

ಆದ್ದರಿಂದ ಮಗಳೇ, ಅಮ್ಮ ಬರುತ್ತಾಳೆಂದು ನಾನು ಮಾತು ಕೊಡಲಾರೆ. ಬರುವುದಿಲ್ಲವೆಂದು ಬರೆಯುವ ಧೈರ್ಯವೂ ನಿನ್ನೆಗೆ ಮುಗಿಯಿತು. ನೀನು ಚೆನ್ನಾಗಿ ಉಣ್ಣು, ಮಧ್ಯಾಹ್ನ ಕಾಲು ಚಾಚಿ ಮಲಗು, ಮನಸ್ಸನ್ನು ಹಗುರವಾಗಿಟ್ಟುಕೋ. ನಿನ್ನ ಮೇಲೂ, ಅಳಿಯಂದಿರ ಮೇಲೂ, ಇನ್ನೂ ಹೆಸರಿಲ್ಲದ ಆ ಪುಟಾಣಿಯ ಮೇಲೂ ನನ್ನ ಎರಡೂ ಕೈಗಳ ಆಶೀರ್ವಾದವಿರಲಿ.

ಬೆರಗಿನಿಂದ ಇನ್ನೂ ಹೊರಬಾರದ
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಹೆಗಲಿಗೆ ಚೀಲ, ಕೈಯಲ್ಲಿ ಮಧ್ಯಾಹ್ನದ ದೋಣಿಯ ಟಿಕೆಟ್ಟು. ಒಂದೇ ಟಿಕೆಟ್ಟು! ಬೆಳಿಗ್ಗೆ ಇವಳು ಹೋದದ್ದು ಬಂದರಿಗೆ. "ಅಂಚೆಗ್ಯಾಕೆ, ಇಲ್ಲಿ ಕೊಡಿ, ನಾನೇ ಕೊಡ್ತೀನಿ ಅವಳಿಗೆ" ಅನ್ನುತ್ತಿದ್ದಾಳೆ. ತುಟಿ ನಡುಗುತ್ತಿದೆ, ಕಾಲು ಮಾತ್ರ ನಿಂತಿದೆ. ನಾನೂ ಬರುತ್ತೇನೆಂದರೆ ಕೇಳುತ್ತಿಲ್ಲ. "ನೀವು ಪಕ್ಕದಲ್ಲಿದ್ರೆ ನಿಮ್ಮನ್ನೇ ಹಿಡ್ಕೊಂಡು ಕೂತುಬಿಡ್ತೀನಿ. ದಡದ ತನಕ ಬನ್ನಿ, ಸಾಕು." ಜೀವಮಾನವಿಡೀ ತಂದೆತಾಯಿಗಳನ್ನು ದಡದಲ್ಲಿ ಕೂರಿಸಿ "ಏನೂ ಆಗಲ್ಲ, ಸುಮ್ನೆ ನೋಡ್ತಿರಿ" ಎಂದವನು ನಾನು, ಅವರ ಪಾಡು ಏನಿತ್ತೆಂದು ಈಗ ತಿಳಿಯುತ್ತಿದೆ. ಪುಟ್ಟೀ, ಮೇಲಿನದನ್ನೆಲ್ಲ ಆಮೇಲೆ ಓದು. ಮೊದಲು ಕೇಂದ್ರದ ಫೋನಿನ ಹತ್ತಿರ ಓಡು. ಓಡಬೇಡ, ನಿಧಾನವಾಗಿ ನಡೆ. ಬಂದು ಇಳಿದಳು ಅಂತ ಒಂದೇ ಒಂದು ಮಾತು ಹೇಳು. ನಾನು ಫೋನಿನ ಪಕ್ಕದಲ್ಲೇ ಇರುತ್ತೇನೆ. ಇಲ್ಲಿಯವರೆಗೂ ಓದುತ್ತ ಕೂತಿದ್ದರೆ ಆಗಲೇ ನಿನ್ನ ಅಪ್ಪನನ್ನು ಬಹಳ ಹೊತ್ತು ಕಾಯಿಸಿದ್ದೀಯೆ. ಏಳು, ಮಗಳೇ.