ಉಸಿರಾಡಲು ಸಿಗರೇಟು ಹಚ್ಚಿದವನ ಕಫ

ಮಾನ್ಯ ಕ್ಷಯರೋಗ ನಿಯಂತ್ರಣಾಧಿಕಾರಿಗಳೇ,

ನನ್ನ ತಮ್ಮನ ಕಫ ಪರೀಕ್ಷಿಸಲು ನಿಮ್ಮ ಆಸ್ಪತ್ರೆಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನ ಶ್ವಾಸಕೋಶ ತೂತುಬಿದ್ದಿತ್ತು. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟ ಮುದುಕಿ. ಮಾತು ಒರಟಾದರೆ ಸಹಿಸಿಕೊಳ್ಳಿ. ನಿಮ್ಮನ್ನು ನಾವು ಸಹಿಸಿಕೊಂಡಿಲ್ಲವೇ?

ಅವನು ಕಲ್ಲು ಕೊಯ್ಯುವ ಶೆಡ್ಡಿನಲ್ಲಿದ್ದ. ನಾನು ಅಲ್ಲೇ ಚಪ್ಪಡಿ ತೊಳೆಯುತ್ತಿದ್ದೆ. ಗರಗಸ ತಿರುಗಿತೆಂದರೆ ಎದುರಿನವರ ಮುಖ ಕಾಣದಷ್ಟು ದೂಳು. ಮೇಸ್ತ್ರಿಯದೊಂದು ಕಾನೂನಿತ್ತು: ಸಿಗರೇಟು ಸೇದುವವರು ಆಗಾಗ ಹೊರಗೆ ಹೋಗಬಹುದು, ಸೇದದವರು ಎದ್ದರೆ ಮೈಗಳ್ಳರು. ಹೆಂಗಸರಿಗಂತೂ ಹೊರಗಿನ ಮಾತೇ ಇಲ್ಲ. ಒಂದು ದಿನ ನೋಡುತ್ತೇನೆ, ನನ್ನ ತಮ್ಮ ಶೆಡ್ಡಿನ ಬಾಗಿಲಲ್ಲಿ ಸಿಗರೇಟು ಹಚ್ಚಿಕೊಂಡು ನಿಂತಿದ್ದಾನೆ.

"ಏನೋ ಇದು, ದರಿದ್ರದವನೇ?" ಎಂದೆ.

"ಸುಮ್ನಿರಕ್ಕಾ. ಒಳ್ಳೆ ಗಾಳಿ ಬೇಕಂದ್ರೆ ಇದನ್ನ ಹಚ್ಚಲೇಬೇಕು," ಎಂದು ನಕ್ಕ.

ಹೊಗೆಯೂ ದೂಳೂ ಸೇರಿ ಉಬ್ಬಸ ಹಿಡಿಯಿತು. ನಿಮ್ಮವರು ಬಾಯಿಗೆ ಊದಿಕೊಳ್ಳುವ ಪಂಪು ಕೊಟ್ಟರು. ಸರಿ. ಆಮೇಲೆ ಸಂಜೆಯಾದರೆ ಜ್ವರ, ಬೆವರು. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ. ಮತ್ತೆ ಕರೆದೊಯ್ದೆ.

"ಸೇದೋದೂ ಬಿಡಲ್ಲ, ಇಲ್ಲಿ ಬರೋದೂ ಬಿಡಲ್ಲ. ಹಳೇ ಕೆಮ್ಮು ಕಣಮ್ಮಾ, ಹೋಗಿ," ಎಂದರು ಡಾಕ್ಟರು.

ಹೋದಾಗಲೆಲ್ಲ ಅದೇ ಬೈಗುಳ, ಅದೇ ಪಂಪು. ಬೈದದ್ದಕ್ಕೆ ಬೇಸರವಿಲ್ಲ, ನಾನೇ ಇನ್ನೂ ಚೆನ್ನಾಗಿ ಬೈದಿದ್ದೇನೆ. ಬೈದಾದ ಮೇಲೆ ಡಬ್ಬಿಯಲ್ಲಿ ಒಂದಿಷ್ಟು ಕಫ ಹಿಡಿದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಡಬ್ಬಿ ಕೊಟ್ಟದ್ದು ಅವನು ರಕ್ತ ಕಾರಿದ ದಿನ. ಕಫದಲ್ಲಿ ಕ್ಷಯ ಸಿಕ್ಕಿತು.

ಈಗ ವಾರ್ಡಿನ ಡಾಕ್ಟರು ಹೇಳುತ್ತಾರೆ: ಸೇದುವವರಿಗೆ ಕ್ಷಯ ಬೇಗ ಹಿಡಿಯುತ್ತದಂತೆ; ಮೊದಲೇ ಕೆಟ್ಟ ಶ್ವಾಸಕೋಶದಲ್ಲಿ ಜೋರಾಗುತ್ತದಂತೆ; ಸೇದುತ್ತಲೇ ಇದ್ದರೆ ಮಾತ್ರೆ ನುಂಗಿದರೂ ವಾಸಿಯಾಗುವುದು ಕಷ್ಟವಂತೆ. ಹಾಗಾದರೆ ಎಲ್ಲರಿಗಿಂತ ಮೊದಲು ಪರೀಕ್ಷಿಸಬೇಕಾದವನು ಅವನೇ ಅಲ್ಲವೇ? ಸೇದುತ್ತಾನೆ ಎಂಬ ಕಾರಣಕ್ಕೇ ಅವನನ್ನು ಕೊನೆಗೆ ತಳ್ಳಿದಿರಲ್ಲ, ಇದು ಯಾವ ಸೀಮೆಯ ವೈದ್ಯ?

ಹಳೇ ಉಬ್ಬಸದವರ ಕೆಮ್ಮು ಹೆಚ್ಚಾಯಿತೆಂದರೆ, ಜ್ವರ ಬಂತೆಂದರೆ, ಅಂದೇ ಕಫ ಪರೀಕ್ಷೆ ಮಾಡಿಸಿ. ಸಿಗರೇಟು ಬಿಡಿಸಬಲ್ಲವರನ್ನು ಕ್ಷಯದ ಮಾತ್ರೆ ಕೊಡುವ ಕಿಟಕಿಯ ಪಕ್ಕದಲ್ಲೇ ಕೂರಿಸಿ; ಬೈಯುವುದಕ್ಕಲ್ಲ. ಆ ಶೆಡ್ಡಿಗೂ ಬನ್ನಿ. ಅವನ ಜೊತೆ ಬಾಗಿಲಲ್ಲಿ ನಿಲ್ಲುತ್ತಿದ್ದವರು ಈಗಲೂ ಅಲ್ಲೇ ಕೆಮ್ಮುತ್ತಿದ್ದಾರೆ. ಸೇದದವರನ್ನೂ ಹೊರಗೆ ಬಿಡುವಂತೆ ಮೇಸ್ತ್ರಿಗೆ ನೀವೇ ಹೇಳಿ. ನಾನು ಹೇಳಿದ್ದಕ್ಕೆ ಕೆಲಸ ಹೋಯಿತು.

ನನ್ನ ತಮ್ಮ ಈಗ ಸಿಗರೇಟು ಬಿಟ್ಟಿದ್ದಾನೆ. ಮೂಗಿನಲ್ಲಿ ಆಕ್ಸಿಜನ್ ನಳಿಕೆಯಿದೆ. ನಿನ್ನೆ ನನ್ನ ಕೈ ಹಿಡಿದು, ಒಂದೊಂದೇ ಮಾತು ಎಳೆದು ಹೇಳಿದ: "ನೋಡಕ್ಕಾ, ಇಲ್ಲಿ ಹಚ್ಚದೇನೇ ಗಾಳಿ ಕೊಡ್ತಾರೆ."

ಇಂತಿ,
ಸಿಗರೇಟು ಸೇದದ ತಪ್ಪಿಗೆ ದೂಳಿನಲ್ಲೇ ಕುಳಿತಿದ್ದ
ಅವನ ಅಕ್ಕ