ನಿನಗ ಹೇಳದ ತುತ್ತು

ಅಪ್ಪಾ,

ನಿನ್ನ ಮಗಳು ಮಾಬೂಬಿ ಬರ್ಯಾಕತ್ತೇನಿ. ನಿನಗ ಓದಾಕ ಬರತಿರಲಿಲ್ಲ, ಗೊತ್ತೈತಿ. ಅಲ್ಲೆ ಯಾರಾದ್ರೂ ಓದಿ ಹೇಳ್ಯಾರು ಅನ್ನೋ ಧೈರ್ಯದ ಮ್ಯಾಲೆ ಕುಂತೇನಿ. ಒಂದು ಮಾತು ನಿನ್ನ ಮುಂದ ಮುಚ್ಚಿಟ್ಟಿದ್ದೆ. ಇನ್ನ ಮುಚ್ಚಿಡಾಕ ಆಗವಲ್ದು.

ಎರಡು ವರ್ಷದಾಕಿ ಇದ್ದಾಗ ಜ್ವರ ಬಂದು ನನ್ನ ಬಲಗೈ, ಬಲಗಾಲು ಬಿಗದು ಹೋದ್ವು. ಕಾಲು ಎಳಕೋತ ಹೆಂಗೋ ನಡ್ಯಾಕ ಕಲತೆ, ಆದ್ರ ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ. ಎಡಗೈ ಗಟ್ಟಿಮುಟ್ಟಿತ್ತು. ಅದನ್ನ ತಾಟಿಗೆ ಹಾಕಿದ್ರ ಮಾತ್ರ ನೀ ಟಪ್ ಅಂತ ಹೊಡೀತಿದ್ದಿ. "ತೊಳಕೊಳ್ಳೋ ಕೈಲೆ ಉಣ್ತೀಯೇನು? ಥೂ!" ಹಂಗಂದು ನೀನ ರೊಟ್ಟಿ ಮುರದು, ಪಲ್ಲೆ ಹಚ್ಚಿ, ಬಾಯಿಗಿಡತಿದ್ದಿ. ಏಳು ವರ್ಷದ ಹುಡಿಗಿಗೆ! "ನನ್ನ ಮಗಳು ಬಲಗೈಲೆ ಒಂದ ತುತ್ತು ಎತ್ತಲಿ, ಲಕ್ಷ್ಮೇಶ್ವರ ಬಜಾರ ತುಂಬ ಸಕ್ಕರಿ ಹಂಚ್ತೇನಿ" ಅಂತ ಗಾದಿ ಮಾಡಸಾಕ ಬಂದವರಿಗೆಲ್ಲ ಹೇಳತಿದ್ದಿ.

ಎಮರ್ಜೆನ್ಸಿ ಮುಗದ ಮರುವರ್ಷ ನನ್ನ ಗದಗಿನ ಬಸ್ ಹತ್ತಿಸಿದ್ದು ನೆನಪೈತೇನು? ದವಾಖಾನ್ಯಾಗ ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಸೋ ಅಕ್ಕಾರು ಇದ್ದರು. ಬಿಳಿ ಸೀರಿ, ಜೋರು ದನಿ. ನನ್ನ ಮುಷ್ಟಿ ಒಂದೊಂದ ಬೆರಳು ಬಿಡಿಸಿ ನೋಡಿ, "ಈಕಿ ಹೆಂಗ ಉಣ್ತಾಳ?" ಅಂದ್ರು.

"ನಾನ ಉಣಸ್ತೇನ್ರಿ."

"ಎಡಗೈಗೆ ಏನ ಧಾಡಿ?"

"ಎಡಗೈಲೆ ಹೆಂಗ ಉಣ್ಣೂದ್ರಿ? ಮಂದಿ ಏನಂದಾರು?"

"ಮಂದಿ ದಿನಾ ಬಂದು ಉಣಸ್ತಾರೇನು? ನಿಮ್ಮ ಕೆಲಸ ಏನ್ರಿ?"

"ಹಳೀ ಗಾದಿ ಬಿಚ್ಚಿ, ಹತ್ತಿ ಅರಳಿ ಹಿಂಜಿ, ಮತ್ತ ತುಂಬಿ ಕೊಡ್ತೇನ್ರಿ."

ಅಕ್ಕಾರು ನಕ್ಕುಬಿಟ್ರು. "ಔಷಧ ಮನ್ಯಾಗಿಟ್ಟು ಇಲ್ಲೀತನಾ ಬಂದೀರಲ್ಲ! ಗಂಟಾದ ಅರಳಿ ಈಕಿಗೆ ಕೊಡ್ರಿ. ಎಡಗೈಲೆ ಹಿಡಕೊಂಡು ಬಲಗೈ ಬೆರಳಲೆ ಹಿಂಜಲಿ, ದಿನಾ. ಆ ಕೈ ಬರೂತನಾ ಊಟ ಎಡಗೈಲೆ ಮಾಡಲಿ."

ನೀ ಅರ್ಧ ಮಾತು ಕೇಳಿದಿ. ಅರಳಿ ಕೊಟ್ಟಿ, ಎಡಗೈಗೆ ಮಾತ್ರ ಉಹುಂ! ಶಾಲಿಗೆ ಹಾಕಿದ ಮ್ಯಾಲೆ ಮಧ್ಯಾಹ್ನ ಕೆಲಸ ಬಿಟ್ಟು ಬುತ್ತಿ ಉಣಸಾಕ ಬರತಿದ್ದಿ, ಮೀಸಿಗೆಲ್ಲ ಅರಳಿ ಹತ್ತಿರತಿತ್ತು. ಹುಡುಗ್ಯಾರು "ಮಾಬೂಬಿ ಕೂಸ, ಹಾಲು ಬೇಕೇನವಾ?" ಅಂತ ಕಾಡತಿದ್ದರು. ಒಂದಿನ ನಾ ಬಾಯಿನ ತೆರೀಲಿಲ್ಲ. ಹಟದಾಗ ನಾ ನಿನ್ನ ಮಗಳ ಅಲ್ಲೇನು? ಗಂಟಿ ಹೊಡೀತು, ಬುತ್ತಿ ಹಂಗ ಉಳೀತು. ಮರುದಿನಾನೂ ಅದ ಹಾಡು. ಮೂರನೇ ದಿನ ಬುತ್ತಿ ನನ್ನ ಎಡಗೈಯಾಗ ಕೊಟ್ಟು, "ಶಾಲ್ಯಾಗ ಹೆಂಗರ ಉಣ್ಣು. ಸಂಜಿಗೆ ಮನ್ಯಾಗ ನಾನ ಉಣಸಾಂವ" ಅಂದಿ. ಹೇಳೂಮುಂದ ನನ್ನ ಮಾರಿ ನೋಡಲಿಲ್ಲ. ನೀ ಸೋತಿ ಅಂತ ನನಗ ಭಾಳ ಖುಷಿ ಆಗಿತ್ತು, ಖರೇನ ಹೇಳ್ತೇನಿ.

ಅರಳಿ ಹಿಂಜೋದು ಮೊದಮೊದಲ ಅಳುವ ಕೆಲಸ. ಬೆರಳು ಅಳ್ಳಾಡತಿರಲಿಲ್ಲ. ನೀ ಆ ಕಡೆ ಅರಳಿ ಹಿಂಜೋ ಬಿಲ್ಲು ಹೊಡಕೋತ "ಹಿಂಜವ್ವಾ, ಹಿಂಜು" ಅಂತಿದ್ದಿ. ಶಿಗ್ಲಿಯವರು ಮದವಿ ಗಾದಿ ತಡ ಆತಂತ ಬಂದು ಒದರಾಡಿದ್ರೂ ನನ್ನ ಪಾಲಿನ ಗಂಟು ನೀ ಮುಟ್ಟಲಿಲ್ಲ. "ಅದು ಆಕೀ ಕೆಲಸ, ತಡೀರಿ" ಅಂದಿ. ವರ್ಷ ಆತು, ಎರಡಾತು. ಹೆಬ್ಬೆರಳು ಬಿಚ್ಚಿತು, ಆಮ್ಯಾಲೆ ಅದರ ಮಗ್ಗಲದ ಎರಡು.

ನಾಲ್ಕನೇ ಕ್ಲಾಸಿನ್ಯಾಗ ಇದ್ದಾಗ ಒಂದು ಮಧ್ಯಾಹ್ನ ಶಾಲಿ ಹಿಂದಿನ ಗ್ವಾಡಿಗೆ ಕುಂತು, ಯಾರೂ ನೋಡದಂಗ ಬಲಗೈ ಬುತ್ತಿಗೆ ಹಾಕಿದೆ. ಮೂರು ಬೆರಳಲೆ ರೊಟ್ಟಿ ಮುರದೆ. ಕೈ ನಡಗಿ ಅರ್ಧ ಉಡ್ಯಾಗ ಬಿತ್ತು, ಅರ್ಧ ಬಾಯಿಗೆ ಹೋತು. ಮರುದಿನ ಇಡೀ ರೊಟ್ಟಿ ಉಂಡೆ. ಅವತ್ತ ಓಡಿ ಬಂದು ನಿನಗ ಹೇಳಬೇಕಿತ್ತು, ಹೌದಲ್ಲೊ? ಹೇಳಲಿಲ್ಲ ಅಪ್ಪಾ. ಹೇಳಿದ್ರ ನೀ ಉಣಸೋದು ಬಿಡತಿದ್ದಿ. ದಿನವೆಲ್ಲ ಬಿಲ್ಲಿನ ಸಪ್ಪಳ, ನಿನ್ನ ಜೋಡಿ ಮಾತೆಲ್ಲಿ? ನೀ ನನ್ನ ಮುಂದ ಸಮಾಧಾನಲೆ ಕುಂಡ್ರತಿದ್ದದ್ದು ಆ ಒಂದ ಊಟಕ್ಕ. ರಂಜಾನ್ ಹಬ್ಬಕ್ಕ ಎಲ್ಲಾರ ಮುಂದ ಉಂಡು ತೋರಿಸಿದ್ರಾತು ಅಂತ ಇದ್ದೆ. ಅಷ್ಟರಾಗ ನೀ…

ಅರಳಿ ಧೂಳು ನಿನ್ನ ಎದಿಯೊಳಗ ಕುಂತಿತ್ತಂತ. ಮುಂಡರಗಿಗೆ ಗಾದಿ ಕೊಡಾಕ ಹೋದಾಂವ ಕೆಮ್ಮಕೋತ ಬಂದಿ, ಎಂಟು ದಿನದಾಗ ಹೋದಿ. ಕಡೀ ಸಂಜಿ ಎದ್ದು ಕುಂಡ್ರಾಕ ಆಗಲಾರದಾಗೂ "ತಾಟು ತಾ, ಮಗಳು ಹಸದಾಳ" ಅಂತ ಅವ್ವಗ ಅಂದಿ. ನಾಲ್ಕು ತುತ್ತು ಉಣಿಸಿದಿ. ನಾ ಬಾಯಿ ತೆರದೆ. ಬಲಗೈ ಲಂಗದ ಕೆಳಗ ಮುಚ್ಚಿಟ್ಟಕೊಂಡಿದ್ದೆ.

"ಅವರು ಹೋದ ಮ್ಯಾಲೆ ನಿನ್ನ ಕೈ ಬಂತು, ನೋಡೋ ನಸೀಬ ಇರಲಿಲ್ಲ" ಅಂತ ಅವ್ವ ಇವತ್ತಿಗೂ ಅಳತಾಳ. ನಿನ್ನೆ ಯಳವತ್ತಿಯಿಂದ ಒಬ್ಬಾಕಿ ನನ್ನ ಕೈ ಬಂದ ಸುದ್ದಿ ಕೇಳಿ, ಕೈ ಬಿಗದ ಮಗಳನ್ನ ಕರಕೊಂಡು ಬಂದಿದ್ಲು. ಅರಳಿ ಹಿಂಜೋದು ತೋರಿಸಿಕೊಟ್ಟೆ. ಹೊಂಟಾಕಿ ಬಾಗಲದಾಗ ನಿಂತು, "ನಿಮ್ಮ ಕೈ ಬಂದದ್ದು ನಿಮ್ಮಪ್ಪಾರು ನೋಡಿದ್ರೇನ್ರಿ?" ಅಂದ್ಲು. ಆ ಹುಡಿಗಿ ಕೈಯಾಗ ಇನ್ನೊಂದು ಗಂಟು ಅರಳಿ ಇಟ್ಟು ಕಳಿಸಿದೆ, ಇವತ್ತ ಕಾಗದ ತಗದು ಕುಂತೆ.

ಈ ಕಾಗದ ಮುಗಿಸಿ ಅವ್ವಗೂ ಹೇಳಾಕ ಹೊಂಟೇನಿ. ಬೈದ್ರ ಬೈಲಿ. ಮೊದಲ ನಿನಗ ಹೇಳಬೇಕು, ಅದು ನಿನ್ನ ಹಕ್ಕು: ನೀ ಹೋಗೂದಕ್ಕ ಐದು ತಿಂಗಳು ಮೊದಲ ನಿನ್ನ ಮಗಳು ಬಲಗೈಲೆ ಉಂಡಿದ್ಲು. ಆಕೀಗೆ ನಿನ್ನ ಕೈತುತ್ತು ಬಿಡಾಕ ಮನಸಾಗಲಿಲ್ಲ, ಅಷ್ಟ.

ನಿನ್ನ
ಮಾಬೂಬಿ