ಮುಖವಿಲ್ಲದವಳ ನಡಿಗೆ

ಖಾನಾಪುರ
19 ಜನವರಿ 1987

ಅನಗೋಳದಲ್ಲಿ ಒಬ್ಬರೇ ಇರುವ ನಿಮಗೆ,

ನಮಸ್ಕಾರ. ನಾನು ಅಕ್ಕನ ಮನೆ ಸುಖವಾಗಿ ಮುಟ್ಟಿದೆ. ನಿಮಗೆ ಮಾಡಿಟ್ಟ ಸಜ್ಜೆ ರೊಟ್ಟಿ ಅಡುಗೆಮನೆಯ ದೊಡ್ಡ ಡಬ್ಬಿಯಲ್ಲಿವೆ.

ಶುಕ್ರವಾರ ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ನೀವು ನಡೆಯಲು ಕಲಿಸಿದ ಗೆರೆಗಳ ಮನುಷ್ಯನನ್ನು ತೋರಿಸಿದಿರಿ. ಅದಕ್ಕೆ ಮುಖವಿರಲಿಲ್ಲ, ಸೀರೆಯಿರಲಿಲ್ಲ. ಆದರೂ ನಾನು, "ಇದು ನಿಮ್ಮ ಲೈಬ್ರರಿಯ ರತ್ನಮಾಲಾ ಅಲ್ಲೇನ್ರಿ?" ಎಂದೆ.

"ಹೆಂಗ ಗೊತ್ತಾತು? ಅಂದ್ರ ನನ್ನ ಲೆಕ್ಕ ಬರೋಬರಿ ಐತಿ" ಎಂದು ಹಿಗ್ಗಿದಿರಿ.

ಹೇಗೆ ಗೊತ್ತಾಯಿತೆಂದು ನಾನು ಹೇಳಲಿಲ್ಲ. ಅವರು ನಮ್ಮ ಓಣಿಯಲ್ಲಿ ಹೋಗುವಾಗ ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ನಾನು ನಿಮ್ಮ ಹಿಂದೆ ನಿಂತಿರುತ್ತಿದ್ದೆ.

ಅವರ ಮೊಣಕಾಲು, ಹಿಮ್ಮಡಿಗಳಿಗೆ ಬಿಳಿ ಪಟ್ಟಿ ಅಂಟಿಸಿ, ವರಾಂಡದಲ್ಲಿ ನಡೆಸಿ, ಸಿನಿಮಾ ತೆಗೆದಿರಂತೆ. ಒಂದೊಂದೇ ಚಿತ್ರ ಅಳೆಯಲು ಇಡೀ ವರ್ಷ ಹಿಡಿಯಿತಂತೆ. ನನ್ನನ್ನು ಯಾಕೆ ನಡೆಸಲಿಲ್ಲ ಎಂದರೆ, "ಹುಚ್ಚಿ, ನೀ ಕುಂಟತೀ. ಮಶೀನಿಗೆ ತಿಳ್ಯಾಂಗಿಲ್ಲ" ಎಂದು ನಕ್ಕಿರಿ. ನಾನೂ ನಕ್ಕೆ.

ಮದುವೆಯಾದಾಗಿನಿಂದ ನೀವು ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದವರು. ನಾನು ಎಡಗಾಲನ್ನು ಎಳೆಯುತ್ತೇನೋ ಬಲಗಾಲನ್ನೋ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಭಾನುವಾರ ನನ್ನನ್ನು ಕರೆದೊಯ್ಯಲು ಬರುವಾಗ ದೂರ ನೋಡುವ ಕನ್ನಡಕ ಹಾಕಿಕೊಂಡು ಬನ್ನಿ. ಸ್ಟೇಶನ್ನಿನಲ್ಲಿ ನನ್ನ ಚೀಲ ನೀವು ಹಿಡಿದುಕೊಳ್ಳಿ. ಪ್ಲಾಟ್‌ಫಾರ್ಮ್ ಮುಗಿಯುವ ತನಕ ನಾನು ಮುಂದೆ ನಡೆಯುತ್ತೇನೆ. ನೀವು ಹಿಂದೆ ಬನ್ನಿ.

ನಿಮ್ಮ
ಅಕ್ಕಾತಾಯಿ